ನಾಲ್ಕನೇ ಜ್ವರದ ದಿನ ಬಂದ ಫೋನು

ನಮ್ಮ ಅತ್ತೆಯ ಕೈಯಿಂದ ಫೋನು ಕಿತ್ತುಕೊಂಡವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ನಾನು ಅವರ ಬಗ್ಗೆ ಜಂಬ ಕೊಚ್ಚಿಕೊಳ್ಳುವವಳಿದ್ದೇನೆ. ಆಗ ಯಾರಾದರೂ "ಇಷ್ಟೊಂದು ಹೊಗಳ್ತೀಯಲ್ಲ, ಆವತ್ತು ನೀನೇನು ಮಾಡಿದೆ?" ಎಂದು ಕೇಳಿದರೆ ನಾನು ನೆಲ ನೋಡಬೇಕಾಗುತ್ತದೆ.

ನಾನು ಕನಕಪುರದ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ನಮ್ಮೂರು ಅಲ್ಲಿಂದ ಉಯ್ಯಂಬಳ್ಳಿ ಕಡೆಗೆ, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಮನೆಯಲ್ಲಿ ನಾವು ಮೂವರು ದೊಡ್ಡವರು. ಹೊಲ, ಹಿಪ್ಪುನೇರಳೆ ಸೊಪ್ಪಿನ ತೋಟ, ನೀರು, ಗೊಬ್ಬರ ನನ್ನ ಗಂಡನದು. ರೇಷ್ಮೆ ಹುಳದ ಮನೆ ಅತ್ತೆಯದು. ಅದರೊಳಕ್ಕೆ ಅವರ ಅಪ್ಪಣೆಯಿಲ್ಲದೆ ಅವರ ಮಗನೂ ಕಾಲಿಡುವಂತಿಲ್ಲ. ಹುಳ ಬೆಳೆಸಿ, ಗೂಡು ಬಿಡಿಸಿ, ಚೀಲಕ್ಕೆ ತುಂಬಿ, ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋಗಿ ಮಾರಿ ಬರುವವರೂ ಅವರೇ. ಮಾವ ತೀರಿಕೊಂಡ ಮೇಲೆ ಅತ್ತೆ ತಮ್ಮ ಹೆಸರಿನಲ್ಲಿ ಬ್ಯಾಂಕಿನಲ್ಲಿ ಖಾತೆ ತೆರೆದರು. ಹೆಬ್ಬೆಟ್ಟು ಒತ್ತಲಾರೆ ಎಂದು ಹಟ ಹಿಡಿದು, ಹಳೆಯ ನೋಟ್‌ಬುಕ್ಕೊಂದರ ತುಂಬ ತಮ್ಮ ಹೆಸರು ಬರೆದು ಬರೆದು ಸಹಿ ಕಲಿತರು. ಕಲಿಸಿದವಳು ನಾನು. ಬೈದೇ ಕಲಿಸಿದೆ, ನನಗೆ ಬೇರೆ ಥರ ಬರುವುದಿಲ್ಲ.

ಅವರಿಗೆ ಅಕ್ಷರ ಅಷ್ಟಕ್ಕಷ್ಟೆ, ಆದರೆ ಅಂಕಿ ಓದುವುದರಲ್ಲಿ ತಪ್ಪುವವರಲ್ಲ. ಅದನ್ನು ಕಲಿಸಿದ್ದು ಮಾರ್ಕೆಟ್ಟು. ಅಲ್ಲಿ ಗೂಡು ಸುರಿದ ಮೇಲೆ ಆ ರಾಶಿಗೊಂದು ಲಾಟ್ ನಂಬರ್ ಕೊಡುತ್ತಾರೆ. ಹರಾಜು ಮುಗಿದರೆ ಮೊಬೈಲಿಗೆ ಮೆಸೇಜು ಬರುತ್ತದೆ. "ನಂಬರ್ ಎಷ್ಟಮ್ಮ?" ಎಂದು ಯಾರಾದರೂ ಕೇಳಿದರೆ ಗಟ್ಟಿಯಾಗಿ ಹೇಳಬೇಕು, ಆ ಗದ್ದಲದಲ್ಲಿ ಮೆಲ್ಲಗೆ ಹೇಳಿದವರ ಕೆಲಸ ಆಗುವುದಿಲ್ಲ. ಅಲ್ಲಿ ನಂಬರನ್ನು ಬಚ್ಚಿಟ್ಟುಕೊಂಡವರನ್ನು ನಾನು ಕಂಡಿಲ್ಲ.

ಅವರು ಮೋಸ ಹೋದದ್ದು ಇದರಿಂದಲೇ. ಹೋದ ಬೇಸಿಗೆಯ ಬೆಳೆ ಮಾರಿ, ರಾಮನಗರದಿಂದ ಕನಕಪುರದ ಬಸ್ಸು ಹತ್ತಿ ಕೂತಿದ್ದರು. ಫೋನು ಬಂತು. ಬ್ಯಾಂಕಿನಿಂದ ಎಂದ. ನಿಮ್ಮ ದುಡ್ಡು ತಡೆಯಾಗಿದೆ, ಕಾರ್ಡಿನ ಮೇಲಿರುವ ಅಂಕಿ ಹೇಳಿ ಎಂದ. ಎಲೆಯಡಿಕೆ ಚೀಲದಿಂದ ಕಾರ್ಡು ತೆಗೆದು ಹೇಳಿದರು. ಈಗ ಮೊಬೈಲಿಗೆ ಒಂದು ನಂಬರ್ ಬಂದಿದೆ, ಅದನ್ನೂ ಹೇಳಿ ಎಂದ. ಗೂಡು ಮಾರಿ ಇನ್ನೂ ಗಂಟೆಯಾಗಿಲ್ಲ, ಲಾಟ್ ನಂಬರೇ ಇರಬೇಕು ಎಂದುಕೊಂಡರು. ಬಸ್ಸಿನ ಸದ್ದಿನಲ್ಲಿ ಅವನಿಗೆ ಕೇಳಿಸದೆ ಹೋದೀತೆಂದು ಎರಡು ಸಲ ಕೂಗಿ ಹೇಳಿದರು. ಮುಂದಿನ ಸೀಟಿನ ಹೆಂಗಸು ಹಿಂದೆ ತಿರುಗಿ, "ಯಾಕಜ್ಜಿ ಹಂಗ್ ಕಿರುಚ್ತೀಯ, ಪಕ್ಕದ್ ಬಸ್ನೋರ್ಗೂ ಕೇಳ್ತು" ಎಂದಳಂತೆ. ಬಸ್ಸು ಕನಕಪುರ ಮುಟ್ಟುವ ಹೊತ್ತಿಗೆ ಆ ಬೆಳೆಯ ದುಡ್ಡಿನಲ್ಲಿ ಹೆಚ್ಚುಕಡಿಮೆ ಅರ್ಧ ಮಾಯವಾಗಿತ್ತು.

ಪೊಲೀಸರಿಗೆ ದೂರು ಕೊಟ್ಟೆವು. ಬರೆದುಕೊಂಡರು. ಮನೆಗೆ ಬಂದ ಮೇಲೆ ನಾನು ಅತ್ತೆಗೆ ಬೈದ ರೀತಿ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಪಕ್ಕದ ಮನೆಯವರು ಜಗಲಿಯ ಮೇಲೆ ಕೂತಿರುವಾಗಲೇ, ಹೋಂವರ್ಕ್ ಮಾಡದ ಎಂಟನೇ ಕ್ಲಾಸಿನ ಹುಡುಗಿಯನ್ನು ನಿಲ್ಲಿಸಿ ಕೇಳುವ ಹಾಗೆ ಕೇಳಿದೆ. "ನಂಬರ್ ಯಾರಿಗೂ ಹೇಳಬಾರದು ಅಂತ ಎಷ್ಟು ಸಲ ಹೇಳಿದ್ದೆ? ಹೇಳಿದ್ದೆನೋ ಇಲ್ಲವೋ?" ಅವರು "ಹೇಳಿದ್ದೆ ಕಣವ್ವ" ಎಂದರು. ಅಷ್ಟೆ. ಒಂದು ಮಾತು ಎದುರಾಡಲಿಲ್ಲ. ಎದುರಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅವರ ಫೋನು ತೆಗೆದು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಖಾತೆಗೆ ಅವರ ಮೊಬೈಲ್ ನಂಬರಿನ ಬದಲು ನನ್ನ ನಂಬರ್ ಸೇರಿಸುವುದೆಂದು ನಾನೂ ನನ್ನ ಗಂಡನೂ ತೀರ್ಮಾನಿಸಿದೆವು. ಅದಕ್ಕೆ ಬೇಕಾದ ಫಾರಂ ತಂದು ತುಂಬಿಯೂ ಇಟ್ಟೆ. ಅವರ ಸಹಿಯೊಂದು ಬಾಕಿ. ಆದರೆ ಬ್ಯಾಂಕಿನವರು, ಖಾತೆದಾರರೇ ಬರಬೇಕು ಎಂದರು. ಅತ್ತೆ, "ಈ ಬೆಳೆ ಮುಗೀಲಿ, ಬತ್ತೀನಿ" ಎಂದರು. ಹೊಸ ಬೆಳೆಗೆ ಮರಿಹುಳ ಆಗಲೇ ಮನೆಗೆ ಬಂದಿದ್ದವು.

ಆ ದಿನಗಳಲ್ಲಿ ಅವರು ತುಂಬ ಮೌನವಾಗಿಬಿಟ್ಟರು. ಸಂತೆಗೆ ಹೋಗಲಿಲ್ಲ. ಸಂಘದ ಹೆಂಗಸರು ಕರೆದರೆ ಹುಳಕ್ಕೆ ಸೊಪ್ಪು ಹಾಕಬೇಕು ಎನ್ನುತ್ತಿದ್ದರು. ಊರಲ್ಲಿ ಮಾತು ಹಬ್ಬಿತ್ತು, ಬಸ್ಸಲ್ಲಿ ಕೂಗಿದ್ದನ್ನು ಅನುಕರಣೆ ಮಾಡಿ ನಗುವವರೂ ಇದ್ದರು. ಅತ್ತೆಯ ಮುಂದೆ ಇದ್ದದ್ದು ಒಂದೇ ವಿಷಯ. ಇಷ್ಟು ವರ್ಷ ತನ್ನ ದುಡಿಮೆ ತನ್ನ ಕೈಯಲ್ಲಿತ್ತು. ಈ ಬೆಳೆ ಮುಗಿದ ಮೇಲೆ ಮೊಸರಿಗೂ ಮಾತ್ರೆಗೂ ಸೊಸೆಯನ್ನು ಕೇಳಬೇಕು. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಅವರ ಒಳ್ಳೆಯದಕ್ಕೇ ಅಲ್ಲವೇ ಎಂದುಕೊಂಡಿದ್ದೆ. ಟೀಚರುಗಳಿಗೆ ಇದೊಂದು ಕಾಯಿಲೆ.

ಇನ್ನು ಜ್ವರದ ಮಾತು. ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇವು ಬಿಟ್ಟು, ತಲೆಯೆತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತೇವೆ. ಹುಳ ಜ್ವರಕ್ಕೆ ಕೂತವು, ಜ್ವರದಿಂದ ಎದ್ದವು. ನಾಲ್ಕನೇ ಜ್ವರ ಕೊನೆಯದು. ಅದರಿಂದ ಎದ್ದ ಮೇಲೆ ವಾರ ಕಾಲ ಹಗಲೂ ಇರುಳೂ ತಿಂದು ಹುಳ ಹಣ್ಣಾಗುತ್ತದೆ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತದೆ. ಜ್ವರ ಎಂದರೆ ನಮ್ಮಲ್ಲಿ ಯಾರೂ ಗಾಬರಿ ಬೀಳುವುದಿಲ್ಲ, "ಎಷ್ಟನೇದು?" ಎಂದು ಕೇಳುತ್ತಾರೆ. ಬಸ್ ಕಂಡಕ್ಟರ್ ಕೇಳುತ್ತಾನೆ, ಔಷಧಿ ಅಂಗಡಿಯವನು ಕೇಳುತ್ತಾನೆ. ಗೂಡಿನ ದುಡ್ಡೇ ತಿರುಗುವ ಸೀಮೆಯಲ್ಲಿ ಈ ಮಾತು ಗೊತ್ತಿಲ್ಲದೆ ಯಾರ ವ್ಯಾಪಾರವೂ ನಡೆಯುವುದಿಲ್ಲ.

ಆ ಭಾನುವಾರ ಬೆಳಿಗ್ಗೆ ನಮ್ಮ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಅತ್ತೆ ಒಳಗೆ ಹುಳದ ಹಾಸು ಒಣಗಿರಲೆಂದು ಸುಣ್ಣದ ಪುಡಿ ಉದುರಿಸುತ್ತಿದ್ದರು. ನಾನು ಪಡಸಾಲೆಯಲ್ಲಿ ಟೆಸ್ಟ್ ಪೇಪರ್ ತಿದ್ದುತ್ತಿದ್ದೆ. ನನಗೆ ಫೋನು ಬಂತು.

"ಮೇಡಂ, ನಮಸ್ಕಾರ. ಕನಕಪುರ ಬ್ರಾಂಚ್ ಮ್ಯಾನೇಜರ್ ಮಾತಾಡ್ತಾ ಇರೋದು."

ನನ್ನ ಪೂರ್ತಿ ಹೆಸರು ಹೇಳಿದ. ಸ್ಕೂಲಿನ ಹೆಸರು ಹೇಳಿದ. ಕಾರ್ಡಿನ ಕೊನೆಯ ನಾಲ್ಕು ಅಂಕಿಯನ್ನೂ ಹೇಳಿದ. ದಾಖಲೆ ಕೊಡದಿರುವುದರಿಂದ ನಿಮ್ಮ ಸಂಬಳದ ಖಾತೆ ಇವತ್ತು ಮಧ್ಯಾಹ್ನ ಬಂದ್ ಆಗುತ್ತದೆ ಎಂದ. ದಾಖಲೆ ಕೊಡಿ ಎಂದು ನಿಜವಾಗಿಯೂ ನನಗೆ ಮೊದಲೇ ಮೆಸೇಜು ಬಂದಿತ್ತು, ನಾಳೆ ನಾಳೆ ಎಂದು ಸುಮ್ಮನಿದ್ದೆ. ಆ ತಪ್ಪಿನ ಅಳುಕು ಒಳಗಿತ್ತಲ್ಲ, ಅವನು ಗದರಿದ ಕೂಡಲೇ ನಾನೇ ಎಂಟನೇ ಕ್ಲಾಸಿನ ಹುಡುಗಿಯಾದೆ. "ಸರ್, ಸಾರಿ ಸರ್" ಎಂದೆ. ಭಾನುವಾರ ಯಾವ ಮ್ಯಾನೇಜರ್ ಫೋನು ಮಾಡುತ್ತಾನೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. "ಪಾಪ, ರಜೆ ದಿನವೂ ಕೆಲಸ ಮಾಡ್ತಿದಾರೆ" ಎಂದು ಮರುಕ ಪಟ್ಟೆ.

"ಮೊಬೈಲಿಗೆ ಆರು ಅಂಕಿ ಬಂದಿದೆ ನೋಡಿ ಮೇಡಂ. ಅದನ್ನ ಹೇಳಿದ್ರೆ ಈಗಲೇ ಸರಿಯಾಗುತ್ತೆ."

ಮೆಸೇಜು ನೋಡಲು ಸ್ಪೀಕರ್ ಹಾಕಿದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎನ್ನುತ್ತಾರಲ್ಲ, ಅದು ನಾನೇ. ಸ್ಕೂಲಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಮೈಕ್ ಹಿಡಿದು "ಒಟಿಪಿ ಯಾರಿಗೂ ಹೇಳಬಾರದು, ನಿಮ್ಮ ಅಪ್ಪ ಅಮ್ಮನಿಗೂ ತಿಳಿಸಿ" ಎಂದು ಮಕ್ಕಳಿಗೆ ಭಾಷಣ ಮಾಡಿದವಳು ನಾನು. ಮೊದಲ ಎರಡು ಅಂಕಿ ಬಾಯಿಂದ ಹೊರಗೆ ಬಂದೂ ಆಗಿತ್ತು.

ಆಗ ಹುಳದ ಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ನನ್ನ ಮುಂದೆ ಅಂಗೈ ಚಾಚಿದರು. ಯಾಕೆ ಕೊಟ್ಟೆನೋ ಗೊತ್ತಿಲ್ಲ, ಫೋನು ಕೊಟ್ಟುಬಿಟ್ಟೆ.

"ನಮಸ್ಕಾರ ಸಾ. ಕನಕಪುರದ್ ಬ್ಯಾಂಕ್ ಮ್ಯಾನೇಜ್ರಾ?"

"ಹೌದಮ್ಮ. ಮೇಡಂಗೆ ಫೋನ್ ಕೊಡಿ, ಅರ್ಜೆಂಟಿದೆ."

"ಈಗ ಆಗಕ್ಕಿಲ್ಲ ಸಾ. ಮನೇಲಿ ಜ್ವರ."

"ಅಯ್ಯೋ, ಯಾರಿಗಮ್ಮ ಜ್ವರ? ಮಾತ್ರೆ ಕೊಡಿ. ಇದು ಎರಡೇ ನಿಮಿಷದ ಕೆಲಸ."

"ಎಲ್ರುಗೂವೆ ಸಾ. ನಾಕ್ನೇ ಜ್ವರ."

"ನಾಲ್ಕು ಜನಕ್ಕಾ?"

"ಊಹೂಂ. ನಲವತ್ ಸಾವ್ರಕ್ಕೆ."

ನಾನು ಅತ್ತೆಯ ಮುಖ ನೋಡಿದೆ. ಹುಳ ಎಣಿಸುವಾಗ ಇರುವ ಮುಖವೇ, ಬೇರೇನೂ ಇರಲಿಲ್ಲ.

"ಅಮ್ಮ, ತಮಾಷೆ ಮಾಡಬೇಡಿ. ಖಾತೆ ಬ್ಲಾಕ್ ಆದ್ರೆ ನಾನು ಜವಾಬ್ದಾರನಲ್ಲ."

"ಆಗ್ಲಿ ಬುಡಪ್ಪ. ನಾಕ್ನೇ ಜ್ವರ ಅಂದ್ರೆ ಏನು ಅಂತ ಗೊತ್ತಿಲ್ದಿರೋನು ಕನಕಪುರದಾಗೆ ಮ್ಯಾನೇಜ್ರ್ ಆಗಕ್ಕಾಯ್ತದಾ? ನಮ್ ಮ್ಯಾನೇಜ್ರು ಹಿಂದಿಯೋರು. ಕನ್ನಡ ನಾಕ್ ಮಾತು ಬರಾಕಿಲ್ಲ ಅವ್ರಿಗೆ. ಆದ್ರೂ ನಾನ್ ಹೋದ್ರೆ 'ಅಮ್ಮ, ಎಷ್ಟ್ ಜ್ವರ ಆಯ್ತು?' ಅಂತಾರೆ. ನೀನು ಇಷ್ಟ್ ಚೆಂದಾಗಿ ಕನ್ನಡ ಮಾತಾಡ್ತೀಯ, ಜ್ವರ ಅಂದ್ರೆ ಮಾತ್ರೆ ಕೊಡು ಅಂತೀಯ. ಯಾರ್ ಮಗನಪ್ಪ ನೀನು? ನಿಮ್ಮವ್ವಂಗೆ ಗೊತ್ತಾ ನೀನ್ ಮಾಡೋ ಕೆಲ್ಸ?"

ಲೈನು ಕಟ್ಟಾಯಿತು. ಅತ್ತೆ ಫೋನನ್ನು ನನ್ನ ಪೇಪರುಗಳ ಮೇಲಿಟ್ಟು, "ಎಷ್ಟ್ ನಂಬರ್ ಹೇಳ್ದೆ?" ಎಂದರು.

"ಎರಡು" ಎಂದೆ.

"ಎಲ್ಡೇ ತಾನೆ. ಏನಾಗಕ್ಕಿಲ್ಲ ಬುಡು" ಎಂದು ಒಳಗೆ ಹೋದರು. ಬೈಯಲಿಲ್ಲ. ಒಂದೇ ಒಂದು ಮಾತು ಬೈದಿದ್ದರೂ ಲೆಕ್ಕ ಸರಿಹೋಗುತ್ತಿತ್ತು. ನಾನು ಕೂತಲ್ಲೇ ಅತ್ತುಬಿಟ್ಟೆ. ಅಳುವುದರ ಜೊತೆಗೇ ನಗುವೂ ಬಂತು, ನಲವತ್ತು ಸಾವಿರಕ್ಕೂ ಜ್ವರ ಎಂದದ್ದು ನೆನೆದು.

ನಿಜವಾದ ಮ್ಯಾನೇಜರ್ ಹಿಂದಿಯವರೆಂಬುದು ನನಗೆ ಗೊತ್ತೇ ಇರಲಿಲ್ಲ. ನಾನು ಎಲ್ಲವನ್ನೂ ಮೊಬೈಲಿನಲ್ಲೇ ಮಾಡುವವಳು, ಬ್ಯಾಂಕಿನ ಮೆಟ್ಟಿಲು ಹತ್ತುವುದು ಹಳ್ಳಿಯವರ ಕೆಲಸ ಎಂದುಕೊಂಡವಳು. ಅತ್ತೆ ಬೆಳೆಗೊಮ್ಮೆ ಹೋಗುತ್ತಾರೆ, ಸಾಲಿನಲ್ಲಿ ನಿಲ್ಲುತ್ತಾರೆ, ಅಲ್ಲಿರುವವರ ಮುಖ ಬಲ್ಲರು, ಯಾರಿಗೆ ಸಕ್ಕರೆ ಕಾಯಿಲೆ ಎಂಬುದನ್ನೂ ಬಲ್ಲರು. ನಾನು ಬ್ಯಾಂಕನ್ನು ಬಲ್ಲೆ ಎಂದುಕೊಂಡಿದ್ದೆ. ಬ್ಯಾಂಕಿನವರನ್ನು ಬಲ್ಲವರು ಅವರು.

ಅಳು ನಿಂತ ಮೇಲೆ ಬೀರು ತೆಗೆದು ಅವರ ಫೋನು ತಂದು, ಹುಳದ ಮನೆಯ ಹೊಸ್ತಿಲ ಹೊರಗೆ ನಿಂತು ಚಾಚಿದೆ. "ತಪ್ಪಾಯ್ತು ಅತ್ತೆ. ಆವತ್ತು ಹಂಗೆ ಬೈಬಾರದಿತ್ತು" ಎಂದೆ. ಸೊಸೆ ಅತ್ತೆಗೆ ಇಂಥ ಮಾತು ಹೇಳುವುದು ನಮ್ಮ ಕಡೆ ರೂಢಿಯಲ್ಲಿಲ್ಲ. ಅವರಿಗೂ ಮುಜುಗರವಾಯಿತು.

"ಕೈಯೆಲ್ಲ ಸುಣ್ಣ ಐತೆ. ಅಲ್ಲಿ ಕಿಟಕೀಲಿ ಮಡಗು" ಎಂದರು. ಸುಣ್ಣ ಉದುರಿಸುತ್ತಲೇ ಹೇಳಿದರು: "ಆವತ್ತು ಅವ್ನು ನಂಬರ್ ಕೇಳ್ದ, ಮಾರ್ಕೆಟ್ನೋರ್ ಕೇಳ್ದಂಗೇ ಇತ್ತು, ಕೊಟ್ಟೆ. ಆಮೇಕೆ ದಿನಾ ಅದನ್ನೇ ಯೋಚ್ನೆ ಮಾಡ್ತಿದ್ದೆ ಕಣವ್ವ. ನಂಬರ್ ಕೊಡೋಕ್ ಮುಂಚೆ ನೀನ್ಯಾರಪ್ಪ ಅಂತ ನಾನ್ ಕೇಳ್ಬೇಕಿತ್ತು. ಇನ್ನೊಂದ್ ಸಲ ಮಾಡ್ಲಿ ಅಂತ ಕಾಯ್ತಿದ್ದೆ. ನನ್ ಫೋನ್ಗೇ ಬಂದಿದ್ರೆ ಇನ್ನೊಸಿ ಚೆನ್ನಾಗಿರೋದು."

ಎದುರಾಡದೆ ಮೌನವಾಗಿದ್ದ ಆ ದಿನಗಳಲ್ಲಿ ಅವರು ಕುಗ್ಗಿಹೋಗಿದ್ದಾರೆಂದು ನಾನು ತಿಳಿದಿದ್ದೆ. ಅವರು ತಯಾರಿ ನಡೆಸಿದ್ದರು. ಆ ಕ್ಷಣ ನನಗಾದ ಹೆಮ್ಮೆಯನ್ನು ಬೇರೆ ಯಾವುದಕ್ಕೆ ಹೋಲಿಸಲಿ? ನನ್ನ ಕ್ಲಾಸಿನ ಹುಡುಗಿಯೊಬ್ಬಳಿಗೆ ಲೆಕ್ಕದಲ್ಲಿ ನೂರಕ್ಕೆ ನೂರು ಬಂದಾಗಲೂ ಅಷ್ಟಾಗಿರಲಿಲ್ಲ.

ಸುದ್ದಿ ಹಬ್ಬಲು ನಾನೇ ಕಾರಣ. ಸೋಮವಾರ ಸ್ಟಾಫ್ ರೂಮಿನಲ್ಲಿ ಹೇಳಿದೆ, ನನ್ನ ಎರಡು ಅಂಕಿಯನ್ನೂ ಮುಚ್ಚಿಡದೆ. ಮೈಕ್ ಹಿಡಿದು ಮಕ್ಕಳಿಗೂ ಹೇಳಿದೆ. ಊರಿನಲ್ಲಿ ಬಸ್ಸಿನ ಕೂಗನ್ನು ಅನುಕರಣೆ ಮಾಡಿ ನಕ್ಕವರೇ ಈಗ ನಮ್ಮ ಜಗಲಿಗೆ ಬಂದು, "ಅಕ್ಕೋ, ಆ ಜ್ವರದ್ದು ಒಸಿ ಹೇಳು" ಎನ್ನತೊಡಗಿದರು. ಅತ್ತೆ ಮೊದಮೊದಲು ನಾಚಿಕೊಂಡರು, ಆಮೇಲೆ ಪ್ರತಿ ಸಲವೂ ಒಂದೊಂದು ಮಾತು ಸೇರಿಸಿ ಹೇಳತೊಡಗಿದರು. ಈಗಿನ ಕಥೆಯಲ್ಲಿ ಅವನು "ಅವ್ವಾ ಕ್ಷಮಿಸಿ" ಎಂದು ಗೋಳಾಡುವುದೂ ಇದೆ. ನಾನು ತಿದ್ದಲು ಹೋಗುವುದಿಲ್ಲ.

ನಮ್ಮೂರಲ್ಲಿ ಈಗ ಗುರುತಿಲ್ಲದ ನಂಬರಿನಿಂದ ಬ್ಯಾಂಕು ಎಂದು ಫೋನು ಬಂದರೆ ಮೊದಲ ಪ್ರಶ್ನೆ "ನಾಕ್ನೇ ಜ್ವರ ಅಂದ್ರೇನು?" ಎಂದು. ವಿಮೆ ಮಾರುವ ಪಾಪದ ಹುಡುಗಿಯರೂ ಇದಕ್ಕೆ ಸಿಕ್ಕಿ ಒದ್ದಾಡಿದ್ದಾರೆ. ಚನ್ನಪಟ್ಟಣದಲ್ಲಿರುವ ನನ್ನ ನಾದಿನಿಯ ಮನೆಯಲ್ಲಿ ಹುಳವಿಲ್ಲ, ಬೊಂಬೆ ಮಾಡುತ್ತಾರೆ. ಅವಳು ತನ್ನದೇ ಪ್ರಶ್ನೆ ಮಾಡಿಕೊಂಡಿದ್ದಾಳೆ: ಬೊಂಬೆಗೆ ಯಾವ ಮರ? ಚನ್ನಪಟ್ಟಣದ ಬ್ರಾಂಚಿನವನೆಂದು ಹೇಳಿಕೊಂಡ ಒಬ್ಬ ತೇಗ ಎಂದನಂತೆ. ಹಾಲೆ ಮರ ಗೊತ್ತಿಲ್ಲದವನು ಆ ಊರಿನಲ್ಲಿ ಸಾಲ ಯಾರಿಗೆ ಕೊಟ್ಟಾನು?

ಆದರೆ ಫಾರಂ ಇನ್ನೂ ಮನೆಯಲ್ಲೇ ಇತ್ತು. ನನ್ನ ಗಂಡ ಹಟ ಬಿಡಲಿಲ್ಲ. "ಅವ್ವ ಜಾಣೆ, ಇಲ್ಲ ಅಂದೋರ್ಯಾರು? ಆದ್ರೆ ಒಂದ್ ಸಲ ಗೆದ್ಬುಟ್ರೆ ಆಯ್ತಾ? ಮುಂದಿನ್ ಸಲ ಅವ್ರು ಬೇರೆ ಆಟ ಕಟ್ತಾರೆ. ದುಡ್ಡು ಬಿದ್ ತಕ್ಷಣ ನಂಬರ್ ಚೇಂಜ್ ಮಾಡ್ಬುಡದೇ ವಾಸಿ" ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅತ್ತೆ ಎದ್ದು ಹುಳದ ಮನೆಗೆ ಹೋದರು. ಹುಳ ಜ್ವರದಿಂದ ಎದ್ದವು, ತಿಂದವು, ಹಣ್ಣಾದವು, ಗೂಡು ಕಟ್ಟಿದವು. ರಾಮನಗರದಲ್ಲಿ ಒಳ್ಳೆಯ ದರವೇ ಸಿಕ್ಕಿತು. ಮೆಸೇಜು ಅತ್ತೆಯ ಫೋನಿಗೇ ಬಂತು, ಅವರೇ ಓದಿದರು. ಮಾರನೇ ದಿನ ನಾನು ರಜೆ ಹಾಕಿ ಅವರ ಜೊತೆ ಬ್ಯಾಂಕಿಗೆ ಹೋದೆ. ಅತ್ತೆ ಹೊಸ ಸೀರೆ ಉಟ್ಟಿದ್ದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತ ಕೂತಿದ್ದರು.

ಕೌಂಟರಿನಲ್ಲಿದ್ದವರು ವಯಸ್ಸಾದ ಗುಮಾಸ್ತರು. ಅತ್ತೆಯನ್ನು ಕಂಡು "ಬನ್ನಿ ಬನ್ನಿ" ಎಂದರು. ನಾನು ಕೊಟ್ಟ ಫಾರಂ ತಿರುಗಿಸಿ ನೋಡಿ, ಕನ್ನಡಕ ಮೇಲೆತ್ತಿ ಕೇಳಿದರು: "ಮೊಬೈಲ್ ನಂಬರ್ ಬದಲಾಯಿಸಬೇಕಾ ಅಮ್ಮ? ನಿಮ್ಮದು ತೆಗೆದು ಸೊಸೆದು ಹಾಕೋದಾ?"

ಅತ್ತೆ ನನ್ನ ಕಡೆ ತಿರುಗಿದರು. ಪೆನ್ನು ಆಗಲೇ ಅವರ ಕೈಯಲ್ಲಿತ್ತು. ಗಂಡ ಏನಾದರೂ ಅಂದುಕೊಳ್ಳಲಿ ಎಂದು ಧೈರ್ಯ ಮಾಡಿ, ಕೌಂಟರಿಗೆ ಬಗ್ಗಿ ಹೇಳಿದೆ: "ಬೇಡ ಸರ್. ಅವರದೇ ಇರಲಿ."

ದೊಡ್ಡ ಕೆಲಸ ಮಾಡಿದೆನೆಂಬ ಸಂತೋಷ ನನ್ನ ಮುಖದಲ್ಲಿ ಕಾಣಿಸುತ್ತಿದ್ದಿರಬೇಕು. ಅತ್ತೆ ನನ್ನ ತೋಳಿನ ಮೇಲೆ ಕೈಯಿಟ್ಟು, ಮೆಲ್ಲಗೆ ನನ್ನನ್ನು ಪಕ್ಕಕ್ಕೆ ಸರಿಸಿದರು.

"ಅದನ್ನ ನಾನ್ ಹೇಳ್ಬೇಕು ಕಣವ್ವ. ಖಾತೆ ನಂದು" ಎಂದರು. ಆಮೇಲೆ ಗುಮಾಸ್ತರ ಕಡೆ ತಿರುಗಿ, ಇಡೀ ಬ್ಯಾಂಕಿಗೆ ಕೇಳುವ ಹಾಗೆ, ಮಾರ್ಕೆಟ್ಟಿನ ದನಿಯಲ್ಲಿ ಹೇಳಿದರು: "ಬ್ಯಾಡ ಸಾ. ನಂದೇ ಇರ್ಲಿ."